ಇಟ್ಟಿಗೆ ರಾಜನ ಪಾಠಶಾಲೆ

ಮೆಂಗ್ ದಾಲ್ಸು ಸುಳ್ಳುಗಾರನಲ್ಲ. ಸುಳ್ಳು ಹೇಳುವವನಿಗೆ ನೆನ್ನೆ ಏನು ಹೇಳಿದ್ದೆ ಎಂಬ ಜ್ಞಾಪಕ ಬೇಕು. ದಾಲ್ಸುವಿಗೆ ಬೆಳಗ್ಗೆ ಕನ್ನಡಕ ಎಲ್ಲಿಟ್ಟೆ ಎಂಬುದೇ ಜ್ಞಾಪಕವಿರುತ್ತಿರಲಿಲ್ಲ. ಅವನ ರೋಗ ಬೇರೆ. ಎದುರಿಗಿದ್ದವರು ಏನನ್ನೋ ತಪ್ಪು ತಿಳಿದು ಸಂತೋಷಪಟ್ಟರೆ, ಆ ಸಂತೋಷ ಕೆಡಿಸಲು ಅವನಿಗೆ ನಾಲಗೆ ಏಳುತ್ತಿರಲಿಲ್ಲ. ಇಷ್ಟು ಒಳ್ಳೆಯ ಗುಣ ಅಷ್ಟು ದೊಡ್ಡ ಗಂಡಾಂತರ ತಂದದ್ದನ್ನು ಮಾಸಾನ್ ಬಂದರಿನ ಜನ ಇಂದಿಗೂ ಹೇಳಿಕೊಂಡು ನಗುತ್ತಾರೆ. ನಗುವವರಲ್ಲಿ ಮೊದಲಿಗಳು ಅವನ ಹೆಂಡತಿ.

ಮೀನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ದಾಲ್ಸುವಿನ ವಿಡಿಯೋ ಆಟದ ಅಂಗಡಿ. ಅದಕ್ಕೆ ಅಂಟಿಕೊಂಡೇ ಹೆಂಡತಿ ಇನ್ಸುಕ್‌ಳ ತಿಂಡಿ ಅಂಗಡಿ. ಅಕ್ಕಿಯ ಕಡುಬನ್ನು ಕೆಂಪು ಮೆಣಸಿನ ಗೊಜ್ಜಿನಲ್ಲಿ ಕುದಿಸಿ ಅವಳು ಮಾರುತ್ತಿದ್ದಳು. ಎರಡರ ನಡುವೆ ಒಂದು ಪರದೆ. ಗಂಡನ ಅಂಗಡಿಯಲ್ಲಿ ಸೋತ ಹುಡುಗರು ಹೆಂಡತಿಯ ಅಂಗಡಿಯಲ್ಲಿ ತಿಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಸಂಸಾರ ಹೀಗೆ ನಡೆದಿತ್ತು.

ಈ ಸಂಸಾರವನ್ನು ಒಪ್ಪದವರು ಒಬ್ಬರೇ. ಅವರು ಇನ್ಸುಕ್‌ಳ ತಂದೆ, ಜಿಂಜು ಪಟ್ಟಣದಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾಗಿದ್ದ ಪ್ಯೋ ಅವರು. ಆಟದ ಅಂಗಡಿ ಎಂದರೆ ಅವರ ಲೆಕ್ಕದಲ್ಲಿ ಸೆರೆಮನೆಯ ಹೆಬ್ಬಾಗಿಲು. ಮಗಳನ್ನು ನೋಡಲು ಬಂದಾಗ ಅಳಿಯನ ಅಂಗಡಿಯ ಮುಂದೆ ಹಾಯಬಾರದೆಂದು ಮೀನು ತೊಳೆದ ನೀರು ಹರಿಯುವ ಗಲ್ಲಿಯಲ್ಲಿ ಷೂ ನೆನೆಸಿಕೊಂಡು ಸುತ್ತಿ ಬರುತ್ತಿದ್ದರು. ಅಳಿಯನನ್ನು ನೇರವಾಗಿ ಮಾತಾಡಿಸಿದವರಲ್ಲ. ಊಟಕ್ಕೆ ಕೂತಾಗ, ದಾಲ್ಸು ಎದುರಿಗೇ ಇದ್ದರೂ, ಮೊಮ್ಮಗಳು ಬೋರಾಳಿಗೆ, "ಕಿಮ್ಚಿ ಬೇಕಾ ಅಂತ ನಿಮ್ಮಪ್ಪನ್ನ ಕೇಳಮ್ಮ" ಎನ್ನುತ್ತಿದ್ದರು. ಬೋರಾ ಕೇಳುತ್ತಿದ್ದಳು. ದಾಲ್ಸು "ಸಾಕಂತೆ ಅಂತ ಹೇಳಮ್ಮ" ಎನ್ನುತ್ತಿದ್ದ.

ಸೋಲ್‌ನಲ್ಲಿ ಒಲಿಂಪಿಕ್ಸ್ ನಡೆದ ಮರುವರ್ಷ ದಾಲ್ಸು ಅಂಗಡಿಗೆ ಹೊಸ ಬೋರ್ಡು ಬರೆಸಿದ. ಆ ಕಾಲದಲ್ಲಿ ದೇಶದ ಅರ್ಧ ಆಟದ ಅಂಗಡಿಗಳು ಮರ್ಯಾದೆಗೆಂದು 'ಮೆದುಳು ವಿಕಾಸ' ಎಂಬ ಮಾತನ್ನು ಮೂಲೆಯಲ್ಲಿ ಬರೆಸುತ್ತಿದ್ದವು. ದಾಲ್ಸುವಿಗೆ ಆ ಮಾತು ಬಹಳ ಹಿಡಿಸಿತು. "ಅದನ್ನೇ ದೊಡ್ಡದಾಗಿ ಬರೀರಿ, ಆಟದ ಅಂಗಡಿ ಅನ್ನೋದನ್ನ ಕೆಳಗೆ ಸಣ್ಣದಾಗಿ ಹಾಕಿ" ಎಂದ. ಬರೆಯುವವನು ಹಾಗೇ ಬರೆದ. ಮರುವಾರ ಇನ್ಸುಕ್ ಮಳೆಗೆ ಅಡ್ಡಲಾಗಿ ತನ್ನ ಅಂಗಡಿಯ ಟಾರ್ಪಾಲನ್ನು ಇತ್ತ ಎಳೆದು ಕಟ್ಟಿದಳು. ಕೆಳಗಿನ ಸಾಲು ಮುಚ್ಚಿಹೋಯಿತು. ಉಳಿದದ್ದು ಒಂದೇ ಮಾತು: ಮೆದುಳು ವಿಕಾಸ ಕೇಂದ್ರ.

ಅದೇ ತಿಂಗಳು ಸೋಲ್‌ನಿಂದ ದಲ್ಲಾಳಿಯೊಬ್ಬ ಚೀಲದಲ್ಲಿ ಹೊಸ ಆಟ ತಂದ. ಮೇಲಿಂದ ಬಣ್ಣಬಣ್ಣದ ಕಲ್ಲುಗಳು ಬೀಳುತ್ತವೆ, ತಿರುಗಿಸಿ ಸಂದಿಯಿಲ್ಲದಂತೆ ಜೋಡಿಸಬೇಕು, ಸಾಲು ತುಂಬಿದರೆ ಮಾಯ. ಪರದೇಶದ ಆ ಆಟ ಲೋಕವನ್ನೇ ಹಿಡಿದಿತ್ತು. ದಲ್ಲಾಳಿ ತಂದದ್ದು ಅದಲ್ಲ. ಅದನ್ನು ನೋಡಿಕೊಂಡು ಯಾರೋ ಯಾವುದೋ ಹಿತ್ತಲ ಕೋಣೆಯಲ್ಲಿ ಹೆಣೆದ 'ಇಟ್ಟಿಗೆ ರಾಜ'.

"ನಕಲಾ?" ಎಂದ ದಾಲ್ಸು.

"ಛೆ ಛೆ, ನಕಲು ಅಂದ್ರೆ ಅಸಲಿಗಿಂತ ಕಡಿಮೆ ಇರ್ಬೇಕು ಯಜಮಾನ್ರೆ. ಇದರಲ್ಲಿ ಹೆಚ್ಚಿದೆ! ಅಸಲಿನಲ್ಲಿ ಏಳು ಥರದ ಕಲ್ಲು. ನಮ್ಮೋರು ಎಂಟನೇದು ಸೇರಿಸಿದ್ದಾರೆ."

ಎಂಟನೆಯ ಕಲ್ಲು ಮೀನಿನ ಗಾಳದ ಹಾಗೆ ಸೊಟ್ಟಗಿತ್ತು. ಅದು ಯಾವ ಸಂದಿಗೂ ಕೂರುತ್ತಿರಲಿಲ್ಲ. ತೆರೆಯ ಮೇಲ್ಗಡೆ ಹಳೆಯ ಕಾಲದ ಕುದುರೆ ಕೂದಲ ಟೋಪಿ ಇಟ್ಟ ರಾಜನೊಬ್ಬ ಕೂತಿದ್ದ. ಸಾಲು ತುಂಬಿದರೆ ಬೀಸಣಿಗೆ ಬೀಸುತ್ತಿದ್ದ. ಆಟ ಸೋತರೆ, ಮನೆಯಲ್ಲಿ ಯಾರೋ ಹೋದ ಹಾಗೆ, ನಿಜವಾದ ಮನುಷ್ಯ ಧ್ವನಿಯಲ್ಲಿ "ಅಯ್ಯೋ!" ಎಂದು ಕಿರುಚುತ್ತಿದ್ದ. ಗೆದ್ದರೆ ಇಂಗ್ಲಿಷಿನಲ್ಲಿ ಅಭಿನಂದನೆ ಬರುತ್ತಿತ್ತು, ಕಾಗುಣಿತ ತಪ್ಪಿ. ಮಾಸಾನ್‌ನಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಅಷ್ಟು ದೂರ ಯಾರೂ ಗೆದ್ದಿರಲಿಲ್ಲ.

ದಾಲ್ಸು ನಾಲ್ಕು ಮೆಷಿನ್ನಿಗೆ ಅದನ್ನೇ ಹಾಕಿಸಿದ. ಅಂದಿನಿಂದ ಪೊಲೀಸರ ಟೋಪಿ ಕಂಡರೆ ಅವನ ಎದೆ ಡವಗುಟ್ಟತೊಡಗಿತು.

ಒಂದು ಬೆಳಗ್ಗೆ ಗಿಚೊಲ್ ಅಮ್ಮ ಬಂದಳು. ಮಾರುಕಟ್ಟೆಯಲ್ಲಿ ಒಣಮೀನಿನ ದೊಡ್ಡ ಅಂಗಡಿ ಅವಳದು. ಹರಾಜಿನಲ್ಲಿ ಕೂಗಿ ಕೂಗಿ ಪಳಗಿದ ಗಂಟಲು. ಅವಳು ಗುಟ್ಟು ಹೇಳಿದರೆ ದೋಣಿಯಲ್ಲಿದ್ದವರಿಗೂ ಕೇಳುತ್ತಿತ್ತು. ಮಗ ಗಿಚೊಲ್ ಮಿಡ್ಲ್ ಸ್ಕೂಲಿನಲ್ಲಿ ಕೊನೆಯಿಂದ ಎರಡನೆಯವನು. ಅವಳು ಬೋರ್ಡನ್ನು ತಲೆಯೆತ್ತಿ ಓದಿದಳು, ಒಳಗೆ ಬಗ್ಗಿದಳು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು.

"ಮೇಷ್ಟ್ರು ನೀವೇನಾ?"

ದಾಲ್ಸು ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು. ಅವನನ್ನು ಹುಟ್ಟಿದಾಗಿನಿಂದ ಯಾರೂ ಮೇಷ್ಟ್ರೇ ಎಂದು ಕರೆದಿರಲಿಲ್ಲ. ಅದೂ ಹೆಡ್‌ಮಾಸ್ಟರ ಅಳಿಯನಾಗಿ ಆ ಮಾತಿಗೆ ಅವನು ಎಷ್ಟು ಹಸಿದಿದ್ದನೆಂದರೆ, "ಅಲ್ಲ" ಎನ್ನಬೇಕಾದ ಬಾಯಿ ತಾನಾಗಿ "ಕೂತ್ಕೊಳ್ಳಿ" ಎಂದಿತು.

"ನಿಮ್ಮದು ಯಾವ ಥರ ಪಾಠ ಮೇಷ್ಟ್ರೆ?"

ದಾಲ್ಸು ಬೆಳಗುತ್ತಿದ್ದ ತೆರೆಯ ಕಡೆ ನೋಡಿ ಗಂಟಲು ಸರಿಮಾಡಿಕೊಂಡ. "ಮೇಲಿಂದ ಸಮಸ್ಯೆ ಬೀಳುತ್ತೆ. ಅದು ನೆಲಕ್ಕೆ ಬೀಳೋದರೊಳಗೆ ಮಗು ಪರಿಹಾರ ಹುಡುಕಬೇಕು. ತಡ ಮಾಡಿದ್ರೆ ಸಮಸ್ಯೆ ಮೇಲೆ ಸಮಸ್ಯೆ ಕೂತು ತಲೆ ಮುಟ್ಟುತ್ತೆ."

"ಅಬ್ಬಾ! ನಮ್ಮ ಮನೇಲೂ ಹಂಗೇ ಆಗೋದು" ಎಂದಳು ಗಿಚೊಲ್ ಅಮ್ಮ. "ಹೊರದೇಶದ ಪದ್ಧತೀನಾ?"

"ಮೂಲ ಹೊರದೇಶದ್ದು. ನಾವು ಸ್ವಲ್ಪ... ತಿದ್ದಿಕೊಂಡಿದ್ದೀವಿ."

ಗಿಚೊಲ್ ಅಮ್ಮ ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದಳು. "ಇದು ಹೊರಗೆ ಗೊತ್ತಾಗಬಾರದು, ಅಲ್ವಾ?"

ಇಲ್ಲಿ ಒಂದು ಮಾತು ಹೇಳಬೇಕು. ಆಗ ಶಾಲೆಯ ಮಕ್ಕಳಿಗೆ ದುಡ್ಡು ತೆಗೆದುಕೊಂಡು ಮನೆಪಾಠ ಹೇಳುವುದು ಸರ್ಕಾರದ ಕಣ್ಣಲ್ಲಿ ಕಳ್ಳಬಟ್ಟಿ ಇಳಿಸಿದ ಹಾಗೆ. ಗಿಚೊಲ್ ಅಮ್ಮ ಹೇಳಿದ್ದು ಆ ಗುಟ್ಟನ್ನು. ದಾಲ್ಸು ತಿಳಿದದ್ದು ಚೀಲದಲ್ಲಿ ಬಂದ ನಕಲಿ ಆಟದ ಗುಟ್ಟನ್ನು. ಅವನೂ ಬಾಗಿಲ ಕಡೆ ನೋಡಿದ.

"ಗೊತ್ತಾಗಬಾರದಮ್ಮ."

"ಗೊತ್ತಾದ್ರೆ ಪೊಲೀಸು ಬರ್ತಾರಾ?"

"ಬಂದ್ರೂ ಬರಬಹುದು."

"ಪೊಲೀಸು ಬರೋ ಅಂಥದ್ದು ಅಂದ್ರೆ ಒಳ್ಳೇ ಪಾಠಾನೇ ಇರ್ಬೇಕು!" ಎಂದು ಅವಳು ತೊಡೆ ತಟ್ಟಿದಳು. "ನಾಳೆಯಿಂದ ಗಿಚೊಲ್‌ನ ಕಳಿಸ್ತೀನಿ. ನನ್ನ ಬಾಯಿಂದ ಒಂದು ಅಕ್ಷರ ಹೊರಗೆ ಬೀಳಲ್ಲ ಮೇಷ್ಟ್ರೆ, ಸಮುದ್ರದ ಆಣೆ."

ಮಧ್ಯಾಹ್ನದ ಹೊತ್ತಿಗೆ ಇಡೀ ಮೀನು ಮಾರುಕಟ್ಟೆಗೆ ಗೊತ್ತಾಗಿತ್ತು.

ಗಿಚೊಲ್ ಬಂದ. ಅವನಿಗಾದ ಆಶ್ಚರ್ಯವನ್ನು ವರ್ಣಿಸಲು ಸಾಧ್ಯವಿಲ್ಲ. ನೆನ್ನೆಯವರೆಗೆ ಮನೆಯಲ್ಲಿ ಹೇಳದೆ ಕದ್ದು ಬರುತ್ತಿದ್ದ ಜಾಗಕ್ಕೆ ತಾಯಿ ಇಂದು ತಾನೇ ಕೈಹಿಡಿದು ತಂದು, "ಮನಸ್ಸಿಟ್ಟು ಕಲಿ, ಎದ್ದುಗಿದ್ದು ಬಂದೀಯ!" ಎಂದು ಗದರಿಸಿ ಬಿಟ್ಟು ಹೋದಳು. ಬುದ್ಧಿವಂತ ಹುಡುಗ. ಏನೂ ಕೇಳಲಿಲ್ಲ.

ಮುಂದಿನ ತಿಂಗಳ ಪರೀಕ್ಷೆಯಲ್ಲಿ ಗಿಚೊಲ್ ಕೊನೆಯಿಂದ ಮೂರನೆಯವನಾದ. ಹಳ್ಳಿಯ ಕಡೆಯಿಂದ ಹೊಸದಾಗಿ ಸೇರಿದ ಹುಡುಗನೊಬ್ಬ ಅವನಿಗಿಂತ ಹಿಂದೆ ಬಿದ್ದದ್ದು ಅದಕ್ಕೆ ಕಾರಣ. ಗಿಚೊಲ್ ಅಮ್ಮ ಮಾರುಕಟ್ಟೆಯಲ್ಲಿ "ನಮ್ಮ ಹುಡುಗ ಮೇಲೆ ಬಂದ" ಎಂದಳು. ಸಿಗಡಿ ಮಾರುವವಳು "ಬಹಳ ಮೇಲೆ ಬಂದನಂತೆ" ಎಂದಳು. ಮಂಜುಗಡ್ಡೆಯ ಕಾರ್ಖಾನೆ ಮುಟ್ಟುವಷ್ಟರಲ್ಲಿ ಗಿಚೊಲ್ ಮೂರನೆಯವನಾಗಿದ್ದ. 'ಕೊನೆಯಿಂದ' ಎಂಬ ಮಾತು ದಾರಿಯಲ್ಲೆಲ್ಲೋ ಜಾರಿ ಸಮುದ್ರ ಸೇರಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಲ್ಲೂ ಇದ್ದಾರೆ.

ತಾಯಂದಿರು ಬರತೊಡಗಿದರು. ಮುಂಬಾಗಿಲಿಂದಲ್ಲ, ಅಷ್ಟು ಎಚ್ಚರ ಅವರಿಗಿತ್ತು. ತಲೆಗೆ ವಸ್ತ್ರ ಸುತ್ತಿಕೊಂಡು ಇನ್ಸುಕ್‌ಳ ಅಂಗಡಿಗೆ ಬಂದು, ಒಂದು ತಟ್ಟೆ ಕಡುಬು ಕೇಳಿ, ಅತ್ತಿತ್ತ ನೋಡಿ, ಮಗನನ್ನು ಪರದೆಯೊಳಗೆ ತಳ್ಳುತ್ತಿದ್ದರು. ಮೇಷ್ಟ್ರಿಗೆಂದು ಒಬ್ಬಳು ಸೀಬಾಸ್ ಮೀನು ತಂದಳು, ಒಬ್ಬಳು ಎಳ್ಳೆಣ್ಣೆ ತಂದಳು.

"ಬೋರಾ ಅಪ್ಪ, ಏನ್ರೀ ನಡೀತಿದೆ ಇಲ್ಲಿ?" ಎಂದಳು ಇನ್ಸುಕ್, ಮೀನನ್ನು ಬಾಲ ಹಿಡಿದು ಎತ್ತಿ. "ಆ ಹೆಂಗಸು ನನ್ನ ಕೈ ಹಿಡ್ಕೊಂಡು, 'ಮೇಷ್ಟ್ರ ಹೆಂಡ್ತಿ ಆಗೋಕೆ ಪುಣ್ಯ ಮಾಡಿರ್ಬೇಕು' ಅಂತ ಅತ್ತುಬಿಟ್ಟಳು. ನಾನು ಯಾವ ಮೇಷ್ಟ್ರ ಹೆಂಡ್ತಿ?"

"ಏನೋ ತಪ್ಪು ತಿಳ್ಕೊಂಡಿದ್ದಾರೆ ಕಣೆ. ಹೇಳ್ತೀನಿ."

"ಯಾವಾಗ?"

"ಸ್ವಲ್ಪ ಸಮಯ ನೋಡಿ."

ಆದರೆ ಸಮಯ ಬರುವ ಮೊದಲೇ ಮಾವ ಬಂದರು.

ಮಾತು ಬಸ್ಸು ಹತ್ತಿ ಜಿಂಜುವಿಗೂ ಹೋಗಿತ್ತು. ಮೀನಿನ ಬುಟ್ಟಿಯವಳೊಬ್ಬಳು ಪ್ಯೋ ಹೆಡ್‌ಮಾಸ್ಟರ ಹೆಂಡತಿಗೆ, "ನಿಮ್ಮ ಅಳಿಯಂದಿರ ವಿದ್ಯಾಕೇಂದ್ರಕ್ಕೆ ಸೀಟೇ ಸಿಕ್ಕಲ್ಲವಂತೆ" ಎಂದಿದ್ದಳು. ಹೆಡ್‌ಮಾಸ್ಟರು ಮರುದಿನವೇ ಕೋಟು ತೊಟ್ಟು ಹೊರಟರು. ಈ ಸಲ ಮೀನು ನೀರಿನ ಗಲ್ಲಿ ಹಿಡಿಯಲಿಲ್ಲ. ಓಣಿಯ ನಡುಮಧ್ಯೆ ನಡೆದು ಬಂದು ಬೋರ್ಡನ್ನು ಓದಿ, ಷೂ ಒರೆಸಿ, ಅಂಗಡಿಯೊಳಗೆ ಕಾಲಿಟ್ಟರು. ದಾಲ್ಸು ಎದ್ದ ರಭಸಕ್ಕೆ ಕುರ್ಚಿ ಬಿತ್ತು.

ಹೆಡ್‌ಮಾಸ್ಟರು ಕೈ ಹಿಂದೆ ಕಟ್ಟಿಕೊಂಡು ತಪಾಸಣೆ ಮಾಡಿದರು. ಸಾಲಾಗಿ ಕೂತ ಮಕ್ಕಳು ತಲೆ ಎತ್ತಲಿಲ್ಲ. ಯಾರೂ ಪಕ್ಕದವನನ್ನು ಚಿವುಟಲಿಲ್ಲ. ಯಾರೂ ಕಿಟಕಿಯಾಚೆ ನೋಡಲಿಲ್ಲ. ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ ಎದುರಿಗಿದ್ದುದನ್ನೇ ನೋಡುತ್ತಿದ್ದರು.

"ಇಂಥಾ ತರಗತಿ ನನ್ನ ಇಡೀ ಸರ್ವಿಸಿನಲ್ಲಿ ನೋಡಿಲ್ಲ" ಎಂದರು ಹೆಡ್‌ಮಾಸ್ಟರು. ಆಮೇಲೆ, ಮದುವೆಯಾದಂದಿನಿಂದ ಮೊದಲ ಬಾರಿಗೆ, ಅಳಿಯನ ಮುಖ ನೋಡಿ ಮಾತಾಡಿದರು. "ಅಳಿಯಂದಿರೆ, ನಾನು ನಿಮ್ಮನ್ನ ತಪ್ಪು ತಿಳಿದಿದ್ದೆ."

ಸರಿಯಾಗಿ ತಿಳಿದಿದ್ದರೆಂದು ಹೇಳುವ ಧೈರ್ಯ ಯಾರಿಗಿದ್ದೀತು?

"ಪಠ್ಯವನ್ನ ಒಂದು ಸಲ ನಾನೂ ನೋಡಬೇಕಲ್ಲ" ಎಂದು ಹೆಡ್‌ಮಾಸ್ಟರು ಖಾಲಿ ಮೆಷಿನ್ನಿನ ಮುಂದೆ ಕೂತರು. ಕಲ್ಲು ಬಿತ್ತು. ಇನ್ನೊಂದು ಬಿತ್ತು. ಎಂಟನೆಯ ಕಲ್ಲು ಅಡ್ಡ ಕೂತು ಗೋಪುರ ಎದ್ದು ತೆರೆಯ ತುದಿ ಮುಟ್ಟಿತು. ರಾಜ "ಅಯ್ಯೋ!" ಎಂದು ಕಿರುಚಿದ.

ಹೆಡ್‌ಮಾಸ್ಟರು ಬೆಚ್ಚಿ ಸುತ್ತ ನೋಡಿದರು. ಮಕ್ಕಳು ನಗಲಿಲ್ಲ, ಯಾರಿಗೂ ಪುರುಸೊತ್ತಿರಲಿಲ್ಲ. ಅವರು ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. "ಇನ್ನೊಂದು ಸಲ" ಎಂದರು.

ಸಂಜೆಯ ಬಸ್ಸಿಗೆ ಹೋಗಬೇಕಾದವರು ಅಂದು ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೊರಗೆ ನಿಂತಿರುತ್ತಿದ್ದರು. ರಾಜನ ಜೊತೆ ಅವರಿಗೆ ಸ್ವಂತ ವೈರ ಬೆಳೆದಿತ್ತು. "ಏನೋ ಕಿರುಚ್ತೀಯ? ನಿನ್ನಂಥ ಎಷ್ಟು ಜನ ಪುಂಡರನ್ನ ಬೆಂಚಿನ ಮೇಲೆ ನಿಲ್ಲಿಸಿಲ್ಲ ನಾನು!" ಎಂದು ತೆರೆಗೆ ಬೆರಳು ತೋರಿಸಿ ಗದರುತ್ತಿದ್ದರು. ಊಟದ ಹೊತ್ತಿಗೆ ಅಳಿಯನ ಲೋಟಕ್ಕೆ ತಾವೇ ಸೊಜು ಮದ್ಯ ಸುರಿದು, "ತಗೊಳ್ಳಿ ಅಳಿಯಂದಿರೆ" ಎನ್ನುತ್ತಿದ್ದರು. ಕೆಲಸ ತಪ್ಪಿದ ಬೋರಾ ಸುಮ್ಮನೆ ಕೂತು ಅನ್ನ ತಿನ್ನುತ್ತಿದ್ದಳು. ದಾಲ್ಸು ಎರಡು ಕೈಯಿಂದ ಲೋಟ ಹಿಡಿದು, ಹಿರಿಯರ ಮರ್ಯಾದೆಗೆಂದು ಪಕ್ಕಕ್ಕೆ ಮುಖ ತಿರುಗಿಸಿ ಕುಡಿಯುತ್ತಿದ್ದ. ಆ ಪಕ್ಕದಲ್ಲಿ ಇನ್ಸುಕ್ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದಳು.

"ಹೇಳಿದ್ರಾ?" ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದಳು.

"ಹೆಂಗೆ ಹೇಳ್ಲೇ? ಇವತ್ತು ನನಗೆ ಮೀನಿನ ಹೊಟ್ಟೆಯ ತುಂಡು ಎತ್ತಿ ಹಾಕಿದ್ರು."

"ನೀವಾಗಿ ಹೇಳಿದ್ರೆ ತುಂಡು ಹೋಗುತ್ತೆ. ಬೇರೆಯೋರು ಹೇಳಿದ್ರೆ ಅಪ್ಪ ಹೋಗ್ತಾರೆ, ಇನ್ನೊಂದು ಸಲ ಬರಲ್ಲ" ಎಂದಳು ಇನ್ಸುಕ್. ಅವಳ ಕಣ್ಣು ತುಂಬಿತ್ತು. ದಾಲ್ಸು ನಾಳೆ ಹೇಳೇ ಹೇಳುತ್ತೇನೆಂದು ಮಾತು ಕೊಟ್ಟ.

ಮರುದಿನ ತಾಯಂದಿರ ಸಭೆ. ಮಕ್ಕಳು ಶಾಲೆಗೆ ಹೋದ ಹೊತ್ತು ನೋಡಿ ಗಿಚೊಲ್ ಅಮ್ಮನೇ ಕರೆಸಿದ್ದಳು. ತಮ್ಮ ಮಕ್ಕಳು ಏನು ಕಲಿಯುತ್ತಿದ್ದಾರೆಂದು ತಾಯಂದಿರಿಗೂ ಗೊತ್ತಿರಬೇಕು ಎಂಬುದು ಅವಳ ವಾದ. ನಿಜವಾಗಿ ಅವಳು ಹಿಂದಿನ ವಾರದಿಂದಲೇ, ಮಗನ ಪಾಠ ಪರೀಕ್ಷಿಸುವ ನೆಪದಲ್ಲಿ, ಒಬ್ಬಳೇ ಬಂದು ಕೂರುತ್ತಿದ್ದಳು. ಈಗ ಮೂರು ಮೆಷಿನ್ನಿಗೆ ಮುಗಿಬಿದ್ದ ಐವರು ಹೆಂಗಸರು, ನಾಲ್ಕನೆಯದರಲ್ಲಿ ಹೆಡ್‌ಮಾಸ್ಟರು. ಅಂದು ಅವರ ಕೈ ದೇವರ ಕೈಯಾಗಿತ್ತು. ಸಾಲಿನ ಮೇಲೆ ಸಾಲು ಮಾಯವಾಗುತ್ತಿದ್ದವು. ಎಂಟನೆಯ ಕಲ್ಲನ್ನು ಎಲ್ಲಿ ಬಚ್ಚಿಡಬೇಕೆಂಬ ವಿದ್ಯೆ ಅವರಿಗೆ ಸಿದ್ಧಿಸಿತ್ತು. ರಾಜ ಬೀಸಣಿಗೆ ಬೀಸಿ ಬೀಸಿ ಸುಸ್ತಾಗಿದ್ದ.

ಆಗ ಬೂದುಬಣ್ಣದ ಜಾಕೆಟ್ಟಿನ ಒಬ್ಬ ವ್ಯಕ್ತಿ ಬಾಗಿಲಲ್ಲಿ ನಿಂತು, ಜೇಬಿನಿಂದ ಗುರುತಿನ ಚೀಟಿ ತೆಗೆದು ತೋರಿಸಿದ.

"ಶಿಕ್ಷಣ ಇಲಾಖೆ. ತಾಕ್ ಅಂತ ನನ್ನ ಹೆಸರು. ನಿಮ್ಮ ಮೇಲೆ ದೂರು ಬಂದಿದೆ."

'ಇಲಾಖೆ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹೆಂಗಸರು ಕಾಣೆಯಾದರು. ಇಬ್ಬರು ಮೆಷಿನ್ನಿನ ಹಿಂದೆ ನುಗ್ಗಿದರು. ಮೂವರು ಪರದೆ ಸುತ್ತಿಕೊಂಡು ನಿಂತರು; ಪರದೆಯ ಕೆಳಗೆ ಆರು ರಬ್ಬರ್ ಬೂಟುಗಳು ಕಾಣುತ್ತಿದ್ದವು. ದಾಲ್ಸುವಿಗೆ 'ಇಲಾಖೆ' ಮಾತ್ರ ಕೇಳಿಸಿತ್ತು, 'ಶಿಕ್ಷಣ' ಕೇಳಿಸಿರಲಿಲ್ಲ. ನಕಲಿ ಆಟ ಹಿಡಿಯಲು ಬಂದಿದ್ದಾರೆ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರುಂಟು. ದಾಲ್ಸು ಹೆಗಲ ಮೇಲೆ ಕುಂಬಳಕಾಯಿಯನ್ನೇ ಹೊತ್ತು ತಂದು ಎದುರಿಗಿಟ್ಟ.

"ಒಪ್ಕೋತೀನಿ ಸಾಹೇಬ್ರೆ. ಎಲ್ಲಾ ನಕಲು."

ತಾಕ್ ಸಾಹೇಬರು ಬಂದದ್ದು ಯಾರೋ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಾರೆಂಬ ಸಣ್ಣ ದೂರಿನ ಮೇಲೆ. ಇಷ್ಟು ಬೇಗ ಒಪ್ಪಿಗೆ ಸಿಕ್ಕಿದ್ದು ಅವರ ಸೇವಾವಧಿಯಲ್ಲೇ ಮೊದಲು. "ನಕಲು? ಯಾವುದರ ನಕಲು?"

"ಮೂಲದ್ದು. ಮೂಲ ನಾನು ಕಣ್ಣಿಂದಲೂ ನೋಡಿಲ್ಲ, ದೇವರಾಣೆ. ಸೋಲ್‌ನಲ್ಲಿ ಯಾರೋ ನೋಡ್ಕೊಂಡು ಮಾಡ್ತಾರೆ. ಒಬ್ಬ ದಲ್ಲಾಳಿ ಚೀಲದಲ್ಲಿ ತಂದುಕೊಡ್ತಾನೆ."

ತಾಕ್ ಸಾಹೇಬರ ಕಣ್ಣ ಮುಂದೆ ಬಂದದ್ದು ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ. "ಚೀಲದಲ್ಲಿ! ಈ ಊರಿಗೆ ಮಾತ್ರಾನಾ?"

"ಅಯ್ಯೋ, ದೇಶದ ತುಂಬ ಹಂಚಿದ್ದಾನೆ ಸಾಹೇಬ್ರೆ. ಎಲ್ಲಾ ಊರಲ್ಲೂ ಇದೆ. ಮಕ್ಕಳೆಲ್ಲ ಬಾಯಿಪಾಠ ಮಾಡ್ಬಿಟ್ಟಿದ್ದಾರೆ."

"ಎಷ್ಟು ಇವೆ?"

"ಮೂಲದಲ್ಲಿ ಏಳು. ಇವರು ಎಂಟನೇದು ಕೈಯಾರೆ ಸೇರಿಸಿದ್ದಾರೆ. ಅದು ಬಂತು ಅಂದ್ರೆ ಸಾಹೇಬ್ರೆ, ಎಂಥವರೂ ಫೇಲು!"

ತಾಕ್ ಸಾಹೇಬರು ಗೋಡೆ ಹಿಡಿದುಕೊಂಡರು. ದೇಶದ ವಿದ್ಯಾವ್ಯವಸ್ಥೆ ಮೀನಿನ ಓಣಿಯೊಂದರಲ್ಲಿ ಕುಸಿದು ಬೀಳುತ್ತಿತ್ತು, ಅದನ್ನು ಕಂಡುಹಿಡಿದವರು ತಾವು. ಬಡ್ತಿಯೋ ಪ್ರಾಣಾಪಾಯವೋ ತಿಳಿಯಲಿಲ್ಲ. "ಟೆಲಿಫೋನ್ ಎಲ್ಲಿದೆ? ಮಂತ್ರಿಗಳಿಗೆ ಹೇಳಬೇಕು."

"ಮಂತ್ರಿಗಳಿಗಾ! ಬೇಡ ಸಾಹೇಬ್ರೆ, ನಾನೇ ತೆಗೆದು ಕೊಡ್ತೀನಿ, ನೋಡಿ, ಈಗಲೇ ಕೊಡ್ತೀನಿ!" ಎಂದು ದಾಲ್ಸು ಮೆಷಿನ್ನಿನ ಹೊಟ್ಟೆ ಬಿಚ್ಚಲು ಓಡಿದ. ವಿದ್ಯುತ್ ಹರಿಯುವಾಗ ಬಿಚ್ಚಬಾರದೆಂಬುದು ಅಪರೂಪಕ್ಕೆ ನೆನಪಾಯಿತು. ಗೋಡೆಯ ಮೇನ್ ಸ್ವಿಚ್ಚನ್ನು ಎಳೆದುಬಿಟ್ಟ.

ಅಂಗಡಿ ಕಪ್ಪಾಯಿತು. ಆ ಕತ್ತಲಲ್ಲಿ ಒಂದು ಕೂಗು ಎದ್ದಿತು. ಅದು ರಾಜನದಲ್ಲ.

"ಯಾವನೋ ಅವನು!"

ಹೆಡ್‌ಮಾಸ್ಟರು ಎದ್ದು ನಿಂತಿದ್ದರು. ಕೂದಲು ಕೆದರಿತ್ತು. "ಇನ್ನೊಂದು ಸಾಲು! ಇನ್ನೊಂದು ಸಾಲಿತ್ತು! ಆ ಮುಠ್ಠಾಳ ರಾಜ ಎದ್ದು ನಿಂತು ನನಗೆ ನಮಸ್ಕಾರ ಮಾಡೋಕೆ ಬಗ್ಗಿದ್ದ!"

"ಮಾವನೋರೆ, ಇಲಾಖೆಯೋರು ಬಂದಿದ್ದಾರೆ" ಎಂದ ದಾಲ್ಸು. ಅವನ ಕೈಯಲ್ಲಿ ಆಗಲೇ ಮೆಷಿನ್ನಿನಿಂದ ಕಿತ್ತ ಹಸಿರು ಸರ್ಕ್ಯೂಟ್ ಹಲಗೆಯಿತ್ತು. ಅದನ್ನು ಎರಡು ಕೈಯಿಂದ, ದೇವರಿಗೆ ತಟ್ಟೆ ಒಪ್ಪಿಸುವ ಹಾಗೆ, ತಾಕ್ ಸಾಹೇಬರಿಗೆ ನೀಡಿದ.

ತಾಕ್ ಸಾಹೇಬರು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಪ್ರಶ್ನೆಪತ್ರಿಕೆ ಎಲ್ಲಿ?"

"ಯಾವ ಪ್ರಶ್ನೆಪತ್ರಿಕೆ?"

"ಪಾಠ ಎಲ್ಲಿ ನಡೆಯುತ್ತೆ?"

"ಯಾವ ಪಾಠ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇನ್ಸುಕ್ ಪರದೆ ಸರಿಸಿ ಬಂದು, ಪರದೆಯಲ್ಲಿದ್ದ ಹೆಂಗಸರನ್ನೂ ಜೊತೆಗೆ ಸರಿಸಿ, ಗಂಡನ ಪಕ್ಕ ನಿಂತಳು. "ಈಗ ಹೇಳಿ" ಎಂದಳು ಮೆಲ್ಲಗೆ.

ದಾಲ್ಸು ಹೇಳಿದ. "ಇದು ಪಾಠಶಾಲೆ ಅಲ್ಲ ಸಾಹೇಬ್ರೆ. ಆಟದ ಅಂಗಡಿ. ಲೈಸೆನ್ಸು ಗೋಡೆ ಮೇಲಿದೆ. ನಾನು ಮೇಷ್ಟ್ರಲ್ಲ. ಯಾರೋ ಮೇಷ್ಟ್ರೇ ಅಂದ್ರು, ಕಿವಿಗೆ ಹಿತವಾಗಿತ್ತು, ಸುಮ್ನಾದೆ. ಆಟ ಇದೆಯಲ್ಲ, ಅದೂ ಅಸಲಿ ಅಲ್ಲ. ಇಲ್ಲಿ ಅಸಲಿ ಅಂತ ಏನಾದ್ರೂ ಇದ್ರೆ ಪಕ್ಕದ ಅಂಗಡಿಯ ಕಡುಬೊಂದೇ."

ಅವನು ಮಾವನ ಕಡೆ ನೋಡಲಿಲ್ಲ. ತನ್ನ ಷೂ ನೋಡಿಕೊಂಡು ನಿಂತ.

ತಾಕ್ ಸಾಹೇಬರು ಮಂತ್ರಿಗಳಿಗೆ ಫೋನು ಮಾಡದೆ ಉಳಿದ ತಮ್ಮ ಪುಣ್ಯವನ್ನು ನೆನೆದು ಬೆವರು ಒರೆಸಿದರು. ಆದರೂ ಅಧಿಕಾರಿ. ಮೆಷಿನ್ನಿನ ಹಿಂದಿನಿಂದ ಏಳುತ್ತಿದ್ದ ಹೆಂಗಸರ ಮೇಲೆ ಕಣ್ಣು ಬಿತ್ತು. "ಹಾಗಾದ್ರೆ ಇವರೆಲ್ಲ ಯಾರು? ಮಕ್ಕಳನ್ನ ಪಾಠಕ್ಕೆ ಸೇರಿಸೋಕೆ ಬಂದೋರಾ?"

ಎಲ್ಲರೂ ಗಿಚೊಲ್ ಅಮ್ಮನನ್ನು ನೋಡಿದರು. ಅವಳಿಗೆ ದಾಲ್ಸುವನ್ನು ಅಲ್ಲೇ ಹೆಚ್ಚಿ ಉಪ್ಪು ಹಚ್ಚಿ ಒಣಗಿಸುವಷ್ಟು ಕೋಪ ಬಂದಿತ್ತು. ಆದರೆ ಹೌದೆಂದರೆ ಕಾನೂನು ಮುರಿದ ಹಾಗೆ. ಅವಳು ಎದೆಯುಬ್ಬಿಸಿದಳು.

"ಮಕ್ಕಳನ್ನ? ಆಟದ ಅಂಗಡಿಗಾ? ಥೂ! ನಾವು ಅಂಥಾ ತಾಯಂದಿರಲ್ಲ. ನಾವು ಆಡೋಕೆ ಬಂದಿದ್ವಿ."

"ನೀವು? ಈ ವಯಸ್ಸಲ್ಲಿ?"

"ಯಾಕೆ? ಬೆಳಗಿನ ಜಾವದಿಂದ ಮೀನು ಕುಯ್ದೋರಿಗೆ ಕೂತ್ಕೊಳ್ಳೋ ಹಕ್ಕಿಲ್ವಾ? ಹಾಕ್ರೀ ಕರೆಂಟು, ತೋರಿಸ್ತೀನಿ!"

ದಾಲ್ಸು ಸ್ವಿಚ್ಚು ಹಾಕಿದ. ಹಲಗೆ ಕಿತ್ತ ಮೆಷಿನ್ನು ಬಿಟ್ಟು ಉಳಿದವು ಬೆಳಗಿದವು. ಗಿಚೊಲ್ ಅಮ್ಮ ತೋಳು ಏರಿಸಿ ಕೂತು ಕಲ್ಲುಗಳನ್ನು ಎಡಕ್ಕೊಂದು ಬಲಕ್ಕೊಂದು ಎಸೆದಳು, ಬಂಗಡೆಯನ್ನು ಗಾತ್ರ ನೋಡಿ ಬುಟ್ಟಿಗೆ ಎಸೆಯುವ ಹಾಗೆ. ರಾಜನಿಗೆ ಬೀಸಣಿಗೆ ಕೆಳಗಿಡಲು ಬಿಡುವು ಸಿಗಲಿಲ್ಲ. ತಾಕ್ ಸಾಹೇಬರು ಬಾಯಿ ತೆರೆದು ನೋಡುತ್ತಾ, ತಿಳಿಯದೆ, "ಅಲ್ಲಿ ಅಲ್ಲಮ್ಮ, ಉದ್ದಂದು ಮೂಲೆಗೆ!" ಎಂದುಬಿಟ್ಟರು.

ನಂಬಿದರು. ಉಳಿದವರು ಒಬ್ಬರೇ.

"ತಾವು ಯಾರು?" ಎಂದು ಕೂದಲು ಕೆದರಿದ ಮುದುಕರತ್ತ ತಿರುಗಿದರು. ಆಮೇಲೆ ಹತ್ತಿರ ಬಂದು ದಿಟ್ಟಿಸಿದರು. "ಜಿಂಜುವಿನ ಪ್ಯೋ ಹೆಡ್‌ಮಾಸ್ಟರಲ್ವಾ? ಸಮಾರಂಭದಲ್ಲಿ ನೋಡಿದ್ದೆ. ಸಾರ್, ತಾವಿಲ್ಲಿ...? ಪಾಠ ಹೇಳೋಕಾ?"

ಪಾಠಕ್ಕೆ ಎಂದರೆ ಹೆಸರಾಂತ ಹೆಡ್‌ಮಾಸ್ಟರು ಕಳ್ಳ ಪಾಠದಲ್ಲಿ ಸಿಕ್ಕಿಬಿದ್ದ ಹಾಗೆ. ಅಲ್ಲ ಎಂದರೆ, ಜೀವಮಾನವೆಲ್ಲ ಯಾವುದನ್ನು ಸೆರೆಮನೆಯ ಬಾಗಿಲು ಎಂದು ಮಕ್ಕಳಿಗೆ ಬೋಧಿಸಿದ್ದರೋ ಅದರ ಒಳಗೆ ಕೂತದ್ದನ್ನು ಒಪ್ಪಿಕೊಳ್ಳಬೇಕು. ಅವರು ಮೊದಲು ಅಳಿಯನನ್ನು ನೋಡಿದರು. ಮಗಳನ್ನು ನೋಡಿದರು. ಇನ್ಸುಕ್ ಗಂಡನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಹೆಡ್‌ಮಾಸ್ಟರು ನಿಧಾನವಾಗಿ ಕೋಟು ತೊಟ್ಟು ಗುಂಡಿ ಹಾಕಿಕೊಂಡರು.

"ಇದು ನನ್ನ ಅಳಿಯನ ಆಟದ ಅಂಗಡಿ" ಎಂದರು. "ನಾನು ನನ್ನ ಅಳಿಯನ ಅಂಗಡೀಲಿ ಆಟ ಆಡ್ತಾ ಇದ್ದೆ. ಅದು ಯಾವ ಕಾನೂನಿಗೆ ವಿರುದ್ಧ?"

"ಯಾವುದಕ್ಕೂ ಇಲ್ಲ ಸಾರ್."

"ಗೆಲ್ಲೋ ಆಟದ ಮಧ್ಯೆ ಕರೆಂಟು ತೆಗೆದ ನೋಡಿ, ಅದು ಅಪರಾಧ. ಅದನ್ನ ಬರ್ಕೊಳ್ಳಿ."

ತಾಕ್ ಸಾಹೇಬರು ಬರೆದುಕೊಳ್ಳಲಿಲ್ಲ. ಹಲಗೆಯನ್ನು ದಾಲ್ಸುವಿಗೆ ಹಿಂದಿರುಗಿಸಿ, "ಇದು ನಮ್ಮ ಇಲಾಖೆಗೆ ಬರಲ್ಲ. ಹೊರಗಿನ ಬೋರ್ಡು ಮಾತ್ರ ಪೂರ್ತಿ ಕಾಣೋ ಹಾಗೆ ಮಾಡಿ" ಎಂದರು. ಹೋಗುವ ಮುನ್ನ ಬಾಗಿಲಲ್ಲಿ ತಡೆದು, ಭಾನುವಾರವೂ ಅಂಗಡಿ ತೆರೆದಿರುತ್ತದೆಯೇ ಎಂದು ವಿಚಾರಿಸಿದರು. ಅದು ತನಿಖೆಯ ಭಾಗವೆಂದು ಎಲ್ಲರೂ ಭಾವಿಸಿದರು.

ಅವರ ಬೆನ್ನು ತಿರುಗಿದ ಕೂಡಲೆ ಗಿಚೊಲ್ ಅಮ್ಮ ದಾಲ್ಸುವಿನ ಮೇಲೆ ಎಗರಿದಳು.

"ಏನ್ರೀ ಮೇಷ್ಟ್ರೆ! ಮೇಷ್ಟ್ರಂತೆ ಮೇಷ್ಟ್ರು! ನಾನೇ ನನ್ನ ಕೈಯಾರೆ ಮಗನ್ನ ತಂದು..." ಮಾತು ಅಲ್ಲಿಗೆ ನಿಂತಿತು. ಅವಳು ಸ್ಟೂಲಿನ ಮೇಲೆ ಕೂತಳು. "ಒಂದು ವಿಷಯ ಹೇಳ್ತೀನಿ. ನನ್ನ ಮಗ ಮನೇಲಿ ಬಾಯಿ ಬಿಡ್ತಿರಲಿಲ್ಲ. ಊಟ ಹಾಕಿದ್ರೆ ಉಣ್ತಿದ್ದ, ಬೈದ್ರೆ ಬೈಸ್ಕೊಳ್ತಿದ್ದ. ಈಗ ಊಟಕ್ಕೆ ಕೂತ್ರೆ ಬಟ್ಟಲು ಜೋಡಿಸಿ, 'ಅಮ್ಮಾ, ಸೊಟ್ಟ ಕಲ್ಲು ಬಂದ್ರೆ ಹಿಂಗೆ ಮಲಗಿಸ್ಬೇಕು' ಅಂತ ನನಗೆ ಹೇಳಿಕೊಡ್ತಾನೆ. ಅನ್ನ ಆರೋವರೆಗೂ ಮಾತಾಡ್ತಾನೆ." ಅವಳು ಮೂಗು ಒರೆಸಿಕೊಂಡಳು. "ಪಾಠ ಅಲ್ಲದಿದ್ರೆ ಕತ್ತೆ ಬಾಲ. ವಾರಕ್ಕೆರಡು ಸಂಜೆ ಬರ್ತಾನೆ, ಹೋಮ್‌ವರ್ಕ್ ಮುಗಿಸಿದ್ರೆ ಮಾತ್ರ. ಬೆಳಗಿನ ಹೊತ್ತು ನಮಗೆ. ಹುಡುಗರನ್ನ ಒಳಗೆ ಬಿಡಬೇಡಿ, ಗಲಾಟೆ."

"ಆಗಲಿ ಅಮ್ಮಾ" ಎಂದ ದಾಲ್ಸು. ಅಷ್ಟು ಸಲೀಸಾಗಿ ನಿಜವಾದ ಮಾತಿಗೆ ಹೌದೆಂದದ್ದು ಅವನಿಗೇ ಹೊಸದು.

ಮಾವ ಅಂದು ಸಂಜೆಯ ಬಸ್ಸಿಗೆ ಹೊರಟರು. ದಾಲ್ಸು ಅವರ ಚೀಲ ಹಿಡಿದು ಹಿಂದೆ ನಡೆದ. ಬಸ್ ನಿಲ್ದಾಣದಲ್ಲಿ ದಾಲ್ಸು ತಡೆಯಲಾರದೆ, "ಮಾವನೋರೆ, ತಪ್ಪಾಯ್ತು. ಮೊದಲನೇ ದಿನಾನೇ ಹೇಳ್ಬೇಕಿತ್ತು" ಎಂದ.

"ಹೌದು, ಹೇಳ್ಬೇಕಿತ್ತು" ಎಂದರು ಹೆಡ್‌ಮಾಸ್ಟರು. ಸಮುದ್ರದ ಕಡೆಯಿಂದ ಗಾಳಿ ಬೀಸಿತು. ಅವರು ಟೋಪಿ ಒತ್ತಿ ಹಿಡಿದುಕೊಂಡರು. "ಮೊದಲನೇ ದಿನ ಹೇಳಿದ್ರೆ ನಾನು ಬಾಗಿಲಿಂದಲೇ ತಿರುಗಿ ಹೋಗ್ತಿದ್ದೆ. ಅದನ್ನೂ ಹೇಳ್ಬೇಕಲ್ಲ."

ಬಸ್ಸು ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕೂತರು. ದಾಲ್ಸು ಸೊಂಟ ಬಗ್ಗಿಸಿ ನಮಸ್ಕರಿಸಿದ. ತಲೆ ಎತ್ತುವಷ್ಟರಲ್ಲಿ ಕಿಟಕಿಯ ಗಾಜು ಸರಿದಿತ್ತು. ಅಸೆಂಬ್ಲಿಯ ಮೈದಾನಕ್ಕೆಲ್ಲ ಕೇಳಿಸುತ್ತಿದ್ದ ಆ ಹಳೆಯ ಧ್ವನಿಯಲ್ಲಿ ಮಾವ ಕೂಗುತ್ತಿದ್ದರು:

"ಅಳಿಯಂದಿರೆ! ಮುಂದಿನ ವಾರ ನಿಮ್ಮತ್ತೇನೂ ಕರ್ಕೊಂಡು ಬರ್ತೀನಿ. ಅವಳಿಗೆ ಒಂದು ಮೆಷಿನ್ ಖಾಲಿ ಇಟ್ಟಿರಿ!"

"ಆಗಲಿ ಮಾವನೋರೆ! ನಿಮ್ಮ ಪಕ್ಕದ್ದೇ ಇಡ್ತೀನಿ!"

"ಪಕ್ಕದ್ದು ಬೇಡ!" ಬಸ್ಸು ಚಲಿಸಿತು. ಹೆಡ್‌ಮಾಸ್ಟರು ಕಿಟಕಿಯಿಂದ ಅರ್ಧ ಹೊರಬಂದು, ನಿಲ್ದಾಣದ ಜನರೆಲ್ಲ ತಿರುಗಿ ನೋಡುವಂತೆ ಕೈಬೀಸಿ ಕೂಗಿದರು. "ಗೋಡೆ ಕಡೇದು ಕೊಡಿ! ಅವಳು ಮಾತಾಡಿಸ್ತಾಳೆ, ಆಟ ಕೆಡುತ್ತೆ!"